ಅರ್ಧ ದಿನದ ಪಾಠ, ಆಜೀವ ಪ್ರಮಾಣಪತ್ರ

2022ರ ಆಗಸ್ಟ್ 18ರಂದು ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಹರಿಹರೇಶ್ವರದ ಕಡಲತೀರದಲ್ಲಿ ದೋಣಿಯೊಂದು ಸಿಕ್ಕಿತು. ಅದರಲ್ಲಿ ಒಬ್ಬರೂ ಇರಲಿಲ್ಲ. ಇದ್ದದ್ದು ಮೂರು ಎ.ಕೆ–47 ರೈಫಲ್‌ಗಳು ಮತ್ತು ಗುಂಡುಗಳು. ಮರುದಿನ ದಹಿ ಹಂಡಿ, ಎರಡು ವಾರದೊಳಗೆ ಗಣೇಶೋತ್ಸವ. ಕಡಲ ಹಾದಿಯಲ್ಲಿ ಬಂದ ಹತ್ತು ಮಂದಿಯಿಂದ ಮುಂಬೈ ಅನುಭವಿಸಿದ್ದನ್ನು ಮರೆಯದ ರಾಜ್ಯದಲ್ಲಿ ಕಟ್ಟೆಚ್ಚರ ಘೋಷಣೆಯಾದದ್ದು ಸಹಜವೇ. ಆಗ ಉಪಮುಖ್ಯಮಂತ್ರಿಯಾಗಿದ್ದ ದೇವೇಂದ್ರ ಫಡಣವೀಸ್ ಅದೇ ದಿನ ವಿಧಾನಸಭೆಗೆ ವಿವರ ಕೊಟ್ಟರು: ಅದು ‘ಲೇಡಿ ಹಾನ್’ ಎಂಬ ವಿಹಾರ ನೌಕೆ, ಆಸ್ಟ್ರೇಲಿಯಾದ ಪ್ರಜೆಯೊಬ್ಬರಿಗೆ ಸೇರಿದ್ದು, ಮಸ್ಕತ್‌ನಿಂದ ಯುರೋಪಿಗೆ ಹೊರಟಿತ್ತು, ಜೂನ್ 26ರಂದು ನಡುಗಡಲಲ್ಲಿ ಎಂಜಿನ್ ಕೆಟ್ಟು, ಒಳಗಿದ್ದವರನ್ನು ಕೊರಿಯಾದ ಯುದ್ಧನೌಕೆ ರಕ್ಷಿಸಿ ಒಮಾನ್‌ಗೆ ಒಪ್ಪಿಸಿತ್ತು, ಭಯೋತ್ಪಾದನೆಯ ನಂಟು ಕಂಡುಬಂದಿಲ್ಲ. ರೈಫಲ್‌ಗಳು ಖಾಸಗಿ ಭದ್ರತಾ ಕಂಪನಿಯೊಂದರವು ಎಂಬುದೂ ಹೊರಬಂತು. ಜನ ನಿಟ್ಟುಸಿರು ಬಿಟ್ಟರು, ಸುದ್ದಿ ತಣ್ಣಗಾಯಿತು. ಆದರೆ ಸುಮಾರು ಹದಿನಾರು ಮೀಟರಿನ ಆ ದೋಣಿ ಬಂದೂಕು ಹೊತ್ತು ಹೆಚ್ಚುಕಡಿಮೆ ಎರಡು ತಿಂಗಳು ಅರಬ್ಬಿ ಸಮುದ್ರದಲ್ಲಿ ಅಲೆದದ್ದು ನಿಜ. ಅದರ ಸಿಬ್ಬಂದಿಗೆ ಭದ್ರತೆಯ ವಿಷಯದಲ್ಲಿ ಏನು ಗೊತ್ತಿರಬೇಕಿತ್ತು ಎಂದು ಅಂತರರಾಷ್ಟ್ರೀಯ ಕಾನೂನನ್ನು ಕೇಳಿದರೆ ಸಿಗುವ ಉತ್ತರ ಚುಟುಕಾದದ್ದು: ಏನೂ ಬೇಕಿರಲಿಲ್ಲ.

ಇದು ಆ ಒಂದು ದೋಣಿಯ ಲೋಪವಲ್ಲ, ಕಾನೂನು ಎಳೆದಿರುವ ಗೆರೆಯ ಫಲ. ಹಡಗುಗಳ ಭದ್ರತೆಗೆ ಈಗಿರುವ ಚೌಕಟ್ಟು ಹುಟ್ಟಿದ್ದು 2001ರ ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ, ಅಂದರೆ ಐಎಂಒ, 2002ರ ಡಿಸೆಂಬರಿನಲ್ಲಿ ಐಎಸ್‌ಪಿಎಸ್ ಸಂಹಿತೆಯನ್ನು ಅಂಗೀಕರಿಸಿತು; 2004ರ ಜುಲೈ 1ರಿಂದ ಅದು ಜಾರಿಗೆ ಬಂತು. ಹಡಗಿಗೊಂದು ಭದ್ರತಾ ಯೋಜನೆ, ಹಡಗಿನಲ್ಲೊಬ್ಬ ಭದ್ರತಾ ಅಧಿಕಾರಿ, ದಡದ ಕಂಪನಿಯಲ್ಲೊಬ್ಬ ಅಧಿಕಾರಿ, ಬಂದರಿನಲ್ಲಿ ಮತ್ತೊಬ್ಬ; ಅಪಾಯದ ಮೂರು ಹಂತಗಳು; ಗುಟ್ಟಾಗಿ ದಡಕ್ಕೆ ಸಂಕೇತ ಕಳಿಸುವ ಗುಂಡಿ. ಈ ವ್ಯವಸ್ಥೆ ನಡೆಸುವವರಿಗೆ ತರಬೇತಿ ಬೇಕಲ್ಲ? ನಾವಿಕರ ತರಬೇತಿಯ ಜಾಗತಿಕ ಒಪ್ಪಂದವಾದ ಎಸ್‌ಟಿಸಿಡಬ್ಲ್ಯುಗೆ 2010ರಲ್ಲಿ ಮನಿಲಾದಲ್ಲಿ ತಂದ ತಿದ್ದುಪಡಿಗಳು ಆ ತೆರವನ್ನು ತುಂಬಿದವು. ಹಡಗಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಭದ್ರತಾ ಅರಿವಿನ ಕೋರ್ಸು, ನಿರ್ದಿಷ್ಟ ಭದ್ರತಾ ಹೊಣೆ ಇರುವವರಿಗೆ ಅದಕ್ಕಿಂತ ಮೇಲಿನದು, ಭದ್ರತಾ ಅಧಿಕಾರಿಗೆ ಇನ್ನೂ ಮೇಲಿನದು ಎಂದು ಮೂರು ಮೆಟ್ಟಿಲು. ಯಾರೇ ಆಗಲಿ, ಕೆಲಸ ಹಿಡಿಯುವ ಮುನ್ನ ಆ ಹಡಗಿನ ಭದ್ರತಾ ಏರ್ಪಾಟಿನ ಪರಿಚಯ ಪಡೆಯಬೇಕು ಎಂಬ ನಿಯಮವೂ ಇದೆ. ಕಾಗದದ ಮೇಲೆ ಇದು ಒಳ್ಳೆಯ ರಚನೆಯೇ.

ಯಾರಿಗೆ ಅನ್ವಯಿಸುತ್ತದೆ ಎಂದು ನೋಡಲು ಹೋದಾಗ ತೊಡಕು ಕಾಣುತ್ತದೆ. ಐಎಸ್‌ಪಿಎಸ್ ಹಿಡಿಯುವುದು ಅಂತರರಾಷ್ಟ್ರೀಯ ಯಾನ ಮಾಡುವ ಪ್ರಯಾಣಿಕ ಹಡಗುಗಳನ್ನು ಮತ್ತು 500 ಗ್ರಾಸ್ ಟನ್ನಿಗೆ ಕಡಿಮೆಯಿಲ್ಲದ ವಾಣಿಜ್ಯ ನೌಕೆಗಳನ್ನು. ವ್ಯಾಪಾರಕ್ಕೆ ಬಳಸದ ವಿಹಾರ ನೌಕೆ ಎಷ್ಟೇ ದೊಡ್ಡದಾದರೂ ಅದರ ಕೈಗೆ ಸಿಗುವುದಿಲ್ಲ. ಎಸ್‌ಟಿಸಿಡಬ್ಲ್ಯು ತನ್ನ ಮೂರನೆಯ ವಿಧಿಯಲ್ಲೇ ಯುದ್ಧನೌಕೆ, ಮೀನುಗಾರಿಕಾ ದೋಣಿ, ಹಳೆಯ ಮಾದರಿಯ ಮರದ ಹಡಗುಗಳ ಜತೆಗೆ ವ್ಯಾಪಾರ ಮಾಡದ ವಿಹಾರ ನೌಕೆಯನ್ನೂ ಹೊರಗಿಟ್ಟಿದೆ. (ಸರಕು ಹೊತ್ತು ಲಕ್ಷದ್ವೀಪಕ್ಕೆ ಹೋಗುವ ಮಂಗಳೂರು ಹಳೆ ಬಂದರಿನ ಮಂಜಿಗಳ ತಂಡದವರೂ, ಶತಕೋಟಿ ಡಾಲರ್ ಒಡೆಯನ ತೇಲುವ ಅರಮನೆಯ ಪರಿಚಾರಕರೂ ಒಂದೇ ವಿನಾಯಿತಿಯ ನೆರಳಿನಲ್ಲಿ ನಿಲ್ಲಬಹುದಾದ ವಿಚಿತ್ರ ವಿಧಿ ಇದು.) ನಾವಿಕರ ದುಡಿಮೆಯ ಹಕ್ಕುಗಳ 2006ರ ಒಪ್ಪಂದವೂ ವಾಣಿಜ್ಯ ಚಟುವಟಿಕೆಯ ಹಡಗುಗಳಿಗಷ್ಟೇ ಸೀಮಿತ. ನೋಂದಣಿ ಪತ್ರದಲ್ಲಿ ‘ಖಾಸಗಿ’ ಎಂಬ ಒಂದು ಪದ ಬಿದ್ದರೆ ಮೂರು ಜಾಗತಿಕ ಒಪ್ಪಂದಗಳ ದೊಡ್ಡ ಪಾಲು ಒಟ್ಟಿಗೇ ಪಕ್ಕಕ್ಕೆ ಸರಿಯುತ್ತದೆ.

500ರ ಗೆರೆಯ ಕಥೆ ಇನ್ನೂ ಸ್ವಾರಸ್ಯದ್ದು. ಗ್ರಾಸ್ ಟನ್ ಎಂದರೆ ತೂಕವಲ್ಲ. ಹಡಗಿನ ಒಳಗಿನ ಒಟ್ಟು ಅವಕಾಶದ ಅಳತೆ. ಸರಿಸುಮಾರು ಐವತ್ತು ಮೀಟರ್ ಉದ್ದದ ಯಾಟ್, ಅಂದರೆ ವಿಹಾರ ನೌಕೆ, ಈ ಅಂಚಿಗೆ ಬರುತ್ತದೆ. ಅಂಚು ದಾಟಿದರೆ ಭದ್ರತೆಯದಷ್ಟೇ ಅಲ್ಲ, ಇತರ ಹಲವು ನಿಯಮಗಳೂ ಬಿಗಿಯಾಗುತ್ತವೆ. ಹಾಗಾಗಿ ಹಡಗುಕಟ್ಟೆಗಳು 499 ಗ್ರಾಸ್ ಟನ್ನಿಗೆ ಸರಿಯಾಗಿ ಲೆಕ್ಕ ಹಾಕಿ ಯಾಟ್ ಕಟ್ಟುವುದು ಈ ಉದ್ಯಮದಲ್ಲಿ ಗುಟ್ಟೇನಲ್ಲ. ಮಾರಾಟದ ಜಾಹೀರಾತಿನಲ್ಲಿ ಆ ಅಂಕಿಯನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. 499ರ ಬಾಡಿಗೆ ಯಾಟ್ ಮತ್ತು 501ರ ಬಾಡಿಗೆ ಯಾಟ್ ಒಂದೇ ಬಂದರಿನಲ್ಲಿ ಅಕ್ಕಪಕ್ಕ ನಿಂತಿದ್ದರೆ ಕಳ್ಳನಿಗೆ, ಕಡಲ್ಗಳ್ಳನಿಗೆ, ಅಡಗಿ ಗಡಿ ದಾಟಲು ಹೊರಟವನಿಗೆ ಅವೆರಡರಲ್ಲಿ ಯಾವ ವ್ಯತ್ಯಾಸವೂ ಕಾಣದು. ಇತ್ತ 180 ಮೀಟರಿನ ‘ಅಜ್ಜಾಮ್’ನಂಥ ನೌಕೆಯೂ ಮಾಲೀಕರ ಸ್ವಂತ ಬಳಕೆಗೆಂದೇ ನೋಂದಣಿಯಾದರೆ ಒಪ್ಪಂದದ ಅಕ್ಷರಗಳ ಮಟ್ಟಿಗೆ ಅದರ ಸಿಬ್ಬಂದಿಗೆ ಭದ್ರತಾ ತರಬೇತಿ ಕಡ್ಡಾಯವಲ್ಲ. ಹಲವು ಮಾಲೀಕರು, ಕೆಲವು ನೋಂದಣಿ ದೇಶಗಳು, ಬಹುತೇಕ ವಿಮಾ ಕಂಪನಿಗಳು ಸ್ವಯಂಪ್ರೇರಣೆಯಿಂದ ಅದಕ್ಕಿಂತ ಹೆಚ್ಚನ್ನೇ ಕೇಳುತ್ತವೆ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಆದರೆ ಸ್ವಯಂಪ್ರೇರಣೆಗೆ ಬಿಟ್ಟದ್ದು ಒಳ್ಳೆಯ ಮಾಲೀಕನ ಹಡಗಿನಲ್ಲಿ ಮಾತ್ರ ನಡೆಯುತ್ತದೆ.

ನನ್ನ ವಾದ ಇಷ್ಟು. ವಿಹಾರ ನೌಕೆಯ ಸಿಬ್ಬಂದಿಗೆ ಎಂಥ ತರಬೇತಿ ಬೇಕು ಎಂಬುದನ್ನು ನೌಕೆಯ ಗಾತ್ರ ಮತ್ತು ನೋಂದಣಿಯ ಹಣೆಪಟ್ಟಿ ನಿರ್ಧರಿಸಬಾರದು. ಅವರು ಮಾಡುವ ಕೆಲಸ ಮತ್ತು ಸಾಗುವ ಹಾದಿಯ ಅಪಾಯ ನಿರ್ಧರಿಸಬೇಕು. ಅದರ ತೂಕ ಬೀಳಬೇಕಾದದ್ದು ದಡದ ತರಗತಿಯ ಮೇಲಲ್ಲ, ನೌಕೆಯಲ್ಲೇ ಮತ್ತೆಮತ್ತೆ ನಡೆಯುವ ಅಭ್ಯಾಸದ ಮೇಲೆ.

ಸಣ್ಣ ನೌಕೆಗಳ ಅಪಾಯ ಐಎಂಒಗೆ ಗೊತ್ತಿಲ್ಲದ್ದೇನಲ್ಲ. ಅದರ ಕಡಲ ಸುರಕ್ಷತಾ ಸಮಿತಿಯ 85ನೇ ಅಧಿವೇಶನ ಲಂಡನ್ನಿನಲ್ಲಿ ಶುರುವಾದದ್ದು 2008ರ ನವೆಂಬರ್ 26ರಂದು. ಅದೇ ರಾತ್ರಿ, ಪೋರಬಂದರಿನ ‘ಕುಬೇರ್’ ಎಂಬ ಮೀನುಗಾರಿಕಾ ಟ್ರಾಲರನ್ನು ಅಪಹರಿಸಿ ಬಂದ ಮುಂಬೈ ದಾಳಿಕೋರರು ರಬ್ಬರ್ ದೋಣಿಯಲ್ಲಿ ಕೊಲಾಬಾದ ಮೀನುಗಾರರ ಕೇರಿಗೆ ಇಳಿದರು. ಐಎಸ್‌ಪಿಎಸ್ ವ್ಯಾಪ್ತಿಗೆ ಬಾರದ ನೌಕೆಗಳ ಭದ್ರತೆಯ ಬಗ್ಗೆ ಸಮಿತಿ ಆ ಹೊತ್ತಿಗಾಗಲೇ ಚರ್ಚಿಸುತ್ತಿತ್ತು; ಡಿಸೆಂಬರ್ 22ರಂದು 1283ನೇ ಸಂಖ್ಯೆಯ ಸುತ್ತೋಲೆ ಹೊರಬಂತು. ವಿಹಾರ ನೌಕೆ, ಮೀನುಗಾರಿಕಾ ದೋಣಿ, ಯಾಟುಗಳು ತಂಗುವ ಮರಿನಾಗಳಿಗೆಲ್ಲ ಅದರಲ್ಲಿ ಸಲಹೆಗಳಿವೆ. ಆದರೆ ಅದರ ಶೀರ್ಷಿಕೆಯಲ್ಲೇ ‘ಕಡ್ಡಾಯವಲ್ಲದ ಮಾರ್ಗಸೂಚಿ’ ಎಂಬ ಮಾತಿದೆ. ಮುಂಬೈ ಘಟನೆಯಿಂದ ನಮ್ಮ ದೇಶ ಕಲಿತು ಕರಾವಳಿ ಕಾವಲು ಪೊಲೀಸ್ ಠಾಣೆಗಳನ್ನು ಬಲಪಡಿಸಿತು, ಮೀನುಗಾರರಿಗೆ ಬಯೊಮೆಟ್ರಿಕ್ ಗುರುತಿನ ಚೀಟಿ ಕೊಟ್ಟಿತು. ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕದ ಕರಾವಳಿ ಕಾವಲು ಪೊಲೀಸ್ ಪಡೆಯೂ ಅದೇ ಸರಣಿಗೆ ಸೇರಿದ್ದು. ಬಡ ಮೀನುಗಾರ ಗುರುತಿನ ಚೀಟಿ ತೋರಿಸಿ ಕಡಲಿಗಿಳಿಯಬೇಕು ಎಂದಾಯಿತು. ಅದೇ ಕಡಲಲ್ಲಿ ಹಾದುಹೋಗುವ ಸಿರಿವಂತರ ಯಾಟಿನ ಸಿಬ್ಬಂದಿಗೆ ಜಗತ್ತು ಕೊಟ್ಟದ್ದು ಸಲಹೆ.

ಇನ್ನು ತರಬೇತಿ ಪಡೆದವರ ಕಡೆ ನೋಡೋಣ. ಯಾಟಿನ ಕೆಲಸಕ್ಕೆ ಹೊಸದಾಗಿ ಹೊರಟ ಹುಡುಗನೋ ಹುಡುಗಿಯೋ ದಡದ ಸಂಸ್ಥೆಯೊಂದರಲ್ಲಿ ಸುಮಾರು ಒಂದು ವಾರದ ಮೂಲಭೂತ ಕೋರ್ಸಿಗೆ ಸೇರುತ್ತಾರೆ: ಕಡಲಲ್ಲಿ ಬದುಕುಳಿಯುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ವೈಯಕ್ತಿಕ ಸುರಕ್ಷತೆ. ಅದರ ಕೊನೆಗೆ ಅರ್ಧ ದಿನ ಭದ್ರತಾ ಅರಿವು. ಹಲವೆಡೆ ಇದನ್ನು ಆನ್‌ಲೈನಿನಲ್ಲೂ ಮುಗಿಸಬಹುದು. ಭದ್ರತೆಯ ಹಂತಗಳು, ಅನುಮಾನಾಸ್ಪದ ನಡವಳಿಕೆ, ಆಯುಧ–ಸ್ಫೋಟಕಗಳ ಗುರುತು, ಯಾರಿಗೆ ವರದಿ ಮಾಡಬೇಕು ಎಂಬ ಪಾಠ; ಕೊನೆಗೊಂದು ಪ್ರಶ್ನೆಪತ್ರಿಕೆ. ಇದಕ್ಕೆ ಐಎಂಒ ಮಾದರಿ ಪಠ್ಯವಿದೆ, ಆದರೆ ಅದರ ಕಣ್ಣೆದುರು ಇರುವುದು ಸರಕು ಹಡಗು. ಇನ್ನೊಂದು ವ್ಯತ್ಯಾಸ ಗಮನಿಸಿ. ಬೆಂಕಿ ಆರಿಸುವ, ಕಡಲಲ್ಲಿ ಬದುಕುಳಿಯುವ ಸಾಮರ್ಥ್ಯವನ್ನು ಐದು ವರ್ಷಕ್ಕೊಮ್ಮೆ ಮತ್ತೆ ಸಾಬೀತುಪಡಿಸಬೇಕು. ಭದ್ರತೆಯ ಪ್ರಮಾಣಪತ್ರಕ್ಕೆ ಎಸ್‌ಟಿಸಿಡಬ್ಲ್ಯು ಅಂಥ ಯಾವ ಗಡುವನ್ನೂ ಇಟ್ಟಿಲ್ಲ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಅರ್ಧ ದಿನ ಕೂತು ಪಡೆದ ಕಾಗದ ನಿವೃತ್ತಿಯವರೆಗೂ ನಡೆಯುತ್ತದೆ. ಬೆಂಕಿಯ ಸ್ವಭಾವ ಬದಲಾಗುವುದಿಲ್ಲ. ಕಳ್ಳನ ವಿದ್ಯೆ ಬದಲಾಗುತ್ತಲೇ ಇರುತ್ತದೆ. ಗಡುವು ಬೇಕಿದ್ದದ್ದು ಯಾವುದಕ್ಕೆ?

ಯಾಟಿನ ಅಪಾಯ ಸರಕು ಹಡಗಿನ ಅಪಾಯಕ್ಕಿಂತ ಬೇರೆ. ಸರಕು ಹಡಗು ನಿಲ್ಲುವುದು ಬೇಲಿ, ಗೇಟು, ಕಾವಲುಗಾರರಿರುವ ಬಂದರಿನಲ್ಲಿ. ಯಾಟ್ ನಿಲ್ಲುವುದು ಫ್ರಾನ್ಸಿನ ಆಂಟೀಬ್‌ನಲ್ಲೋ ಸ್ಪೇನಿನ ಪಾಲ್ಮಾದಲ್ಲೋ ಊರಿನ ಮಧ್ಯದ ಮರಿನಾದಲ್ಲಿ; ಹಲವು ಕಡೆ ಸಂಜೆ ವಾಕಿಂಗಿಗೆ ಬಂದವರು ಅದರ ಹಿಂಬದಿಗೆ ಹತ್ತು ಹೆಜ್ಜೆ ದೂರದಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಿರುತ್ತಾರೆ. ದಡಕ್ಕೂ ನೌಕೆಗೂ ನಡುವೆ ಇರುವುದು ಒಂದು ಕಿರಿದಾದ ಕಾಲುಸೇತುವೆ, ಅದರ ಬುಡದಲ್ಲಿ ನಿಂತ ಒಬ್ಬ ಡೆಕ್‌ಹ್ಯಾಂಡ್. ಬೆಳಗಿನಿಂದ ಅವನೆದುರು ಹೂವಿನವರು, ತರಕಾರಿಯವರು, ಲಾಂಡ್ರಿಯವರು, ದಿನಗೂಲಿಗೆ ಬಂದ ಪಾಲಿಶ್ ಕೆಲಸದವರು, ಅತಿಥಿಗಳು, ಅತಿಥಿಗಳ ಅತಿಥಿಗಳು ಸಾಲುಗಟ್ಟುತ್ತಾರೆ. ಟೂಲ್‌ಬಾಕ್ಸ್ ಹಿಡಿದ ಒಬ್ಬ ಬಂದು ‘ಎ.ಸಿ ರಿಪೇರಿ, ಕ್ಯಾಪ್ಟನ್ ಕರೆಸಿದ್ದಾರೆ’ ಎನ್ನುತ್ತಾನೆ. ಪಟ್ಟಿಯಲ್ಲಿ ಅವನ ಹೆಸರಿಲ್ಲ. ಕ್ಯಾಪ್ಟನ್ ಮಾಲೀಕರೊಂದಿಗೆ ಊಟಕ್ಕೆ ಹೋಗಿದ್ದಾರೆ. ಹಿಂದೆ ಇನ್ನಿಬ್ಬರು ಕಾಯುತ್ತಿದ್ದಾರೆ. ಅತಿಥಿಗೆ ‘ಆಗದು’ ಎನ್ನಬಾರದೆಂದು ಮೊದಲ ದಿನದಿಂದ ಕಲಿಸಿದ ಉದ್ಯೋಗ ಇದು. ಆ ಮೂವತ್ತು ಸೆಕೆಂಡಿನಲ್ಲಿ ಇಪ್ಪತ್ತೆರಡರ ಹುಡುಗ ಏನು ಮಾಡುತ್ತಾನೆ ಎಂಬುದೇ ಆ ನೌಕೆಯ ಭದ್ರತೆ. ಅದನ್ನು ಪ್ರಶ್ನೆಪತ್ರಿಕೆ ಕಲಿಸಲಾರದು. ‘ಸರ್, ಇಲ್ಲೇ ನಿಲ್ಲಿ, ಕೇಳಿ ಹೇಳುತ್ತೇನೆ’ ಎಂದು ನಗುತ್ತಲೇ ತಡೆಯುವುದು, ಯಾರನ್ನು ಕೇಳಬೇಕೆಂದು ಗೊತ್ತಿರುವುದು, ಹಾಗೆ ತಡೆದದ್ದಕ್ಕೆ ಬೈಗುಳ ಬೀಳುವುದಿಲ್ಲ ಎಂಬ ಧೈರ್ಯವಿರುವುದು: ಇವು ಅದೇ ಕಾಲುಸೇತುವೆಯ ಬುಡದಲ್ಲಿ, ಅದೇ ಕ್ಯಾಪ್ಟನ್ನನ ಎದುರಿನಲ್ಲಿ ಅಭ್ಯಾಸವಾಗಬೇಕಾದವು. ಒಳಾಂಗಣದ ಪರಿಚಾರಿಕೆಯದೂ ಇದೇ ಕಥೆ. ಯಾವ ಕೋಣೆಯಲ್ಲಿ ಯಾರಿದ್ದಾರೆ, ಮುಂದಿನ ವಾರ ಎಲ್ಲಿಗೆ ಹೋಗುತ್ತಾರೆ, ಒಡವೆ ಎಲ್ಲಿದೆ ಎಂಬುದೆಲ್ಲ ಕ್ಯಾಪ್ಟನ್‌ಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಅವಳು ಇನ್‌ಸ್ಟಾಗ್ರಾಮಿಗೆ ಹಾಕುವ ಒಂದು ಸೂರ್ಯಾಸ್ತದ ಚಿತ್ರ ನೌಕೆ ನಿಂತ ಜಾಗವನ್ನು ಊರಿಗೆಲ್ಲ ಸಾರಬಲ್ಲದು.

ಐಎಸ್‌ಪಿಎಸ್‌ನ ಮಾರ್ಗದರ್ಶನ ಭಾಗದಲ್ಲಿ ಒಂದು ಜಾಣ ಸೂತ್ರವಿದೆ. ಮೂರು ತಿಂಗಳಿಗೊಮ್ಮೆಯಾದರೂ ಭದ್ರತಾ ಡ್ರಿಲ್ ನಡೆಯಬೇಕು. ಸಿಬ್ಬಂದಿಯಲ್ಲಿ ಶೇ 25ಕ್ಕಿಂತ ಹೆಚ್ಚು ಮಂದಿ ಒಮ್ಮೆಲೇ ಬದಲಾಗಿ, ಹೊಸಬರು ಆ ಹಡಗಿನಲ್ಲಿ ಹಿಂದಿನ ಮೂರು ತಿಂಗಳಲ್ಲಿ ಡ್ರಿಲ್ ಮಾಡಿರದಿದ್ದರೆ ಒಂದು ವಾರದೊಳಗೆ ಮತ್ತೆ ನಡೆಸಬೇಕು. ಹನ್ನೆರಡು ಮಂದಿಯ ಯಾಟಿನಲ್ಲಿ ನಾಲ್ವರು ಬದಲಾದರೆ ಸಾಕು, ಸೂತ್ರ ಅನ್ವಯಿಸುತ್ತದೆ. ಬೇಸಿಗೆಗೆ ಮೆಡಿಟರೇನಿಯನ್, ಚಳಿಗಾಲಕ್ಕೆ ಕೆರಿಬಿಯನ್ ಎಂದು ಹಕ್ಕಿಗಳಂತೆ ವಲಸೆ ಹೋಗುವ ಈ ನೌಕೆಗಳಲ್ಲಿ ಋತುವಿನ ಆರಂಭಕ್ಕೆ ನಾಲ್ವರು ಬದಲಾಗುವುದು ತೀರಾ ಸಾಮಾನ್ಯ. ಎಂದರೆ ಸರಕು ಹಡಗಿಗಿಂತ ಯಾಟಿಗೇ ಹೆಚ್ಚು ಹೊಂದುವ ನಿಯಮ ಇದು. ಆದರೆ 500 ಟನ್ನಿನ ಕೆಳಗಿನ ಮತ್ತು ಖಾಸಗಿ ನೋಂದಣಿಯ ಯಾಟುಗಳಿಗೆ, ಯಾಟ್ ಲೋಕದ ಬಹುಪಾಲು ನೌಕೆಗಳು ಅವೇ, ಅದು ತಾಗುವುದಿಲ್ಲ. ಅವಕ್ಕೆ ಬೇಕಾದದ್ದು ಹೊಸ ಶೋಧನೆಯಲ್ಲ, ಇರುವ ಸೂತ್ರದ ವಿಸ್ತರಣೆ.

ಪಠ್ಯ ಎಷ್ಟು ಹಿಂದೆ ಉಳಿದಿದೆ ಎಂಬುದಕ್ಕೆ 2013ರ ಒಂದು ಪ್ರಯೋಗ ಸಾಕ್ಷಿ. ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕೇಂದ್ರದ ಟಾಡ್ ಹಂಫ್ರೀಸ್ ಮತ್ತು ಅವರ ವಿದ್ಯಾರ್ಥಿಗಳು 65 ಮೀಟರಿನ ‘ವೈಟ್ ರೋಸ್ ಆಫ್ ಡ್ರಾಕ್ಸ್’ ಎಂಬ ಯಾಟನ್ನು, ಕ್ಯಾಪ್ಟನ್ ಒಪ್ಪಿಗೆ ಪಡೆದೇ, ಹಾದಿ ತಪ್ಪಿಸಿದರು. ನೌಕೆ ಮೊನಾಕೊದಿಂದ ಗ್ರೀಸಿನ ರೋಡ್ಸ್‌ಗೆ ಹೊರಟಿತ್ತು. ಬ್ರೀಫ್‌ಕೇಸಿನಷ್ಟು ದೊಡ್ಡ ಪೆಟ್ಟಿಗೆಯಿಂದ ಅವರು ಹೊಮ್ಮಿಸಿದ ಸುಳ್ಳು ಜಿಪಿಎಸ್ ಸಂಕೇತ ಮೆಲ್ಲಗೆ ನಿಜ ಸಂಕೇತವನ್ನು ಮೀರಿತು. ಯಾವ ಅಲಾರಾಂ ಕೂಡ ಮೊಳಗಲಿಲ್ಲ. ನೌಕೆ ದಾರಿಯಿಂದ ಸರಿದಿದೆ ಎಂದು ಪರದೆ ತೋರಿಸಿತು; ಚಾಲನಾ ಕೋಣೆಯಲ್ಲಿದ್ದವರು ಅದನ್ನು ಸರಿಪಡಿಸಲು ಹೋಗಿ ನಿಜವಾದ ದಾರಿಯಿಂದ ಹೊರಗೆ ನಡೆಸಿದರು. ಪರದೆಯ ಮೇಲೆ ಗೆರೆ ನೇರವಾಗಿತ್ತು, ನೌಕೆಯ ಹಿಂದೆ ನೀರಿನ ನೊರೆ ಬಾಗಿತ್ತು. ಅಂದು ವಿಶ್ವವಿದ್ಯಾಲಯದ ಪ್ರಯೋಗವಾಗಿದ್ದದ್ದು ಇಂದು ಕಪ್ಪು ಸಮುದ್ರದಿಂದ ಕೊಲ್ಲಿಯವರೆಗೆ ನಾವಿಕರ ನಿತ್ಯದ ತಲೆನೋವು. 2021ರಿಂದ ಸೈಬರ್ ಅಪಾಯವನ್ನೂ ಹಡಗಿನ ಸುರಕ್ಷತಾ ನಿರ್ವಹಣೆಯೊಳಗೆ ಸೇರಿಸಬೇಕೆಂದು ಐಎಂಒ ಹೇಳಿದೆ. ಆದರೆ ಅದಕ್ಕೆ ಮೊದಲೇ ಅರ್ಧ ದಿನದ ಕೋರ್ಸು ಮುಗಿಸಿದವರ ಪ್ರಮಾಣಪತ್ರ ಹಾಗೇ ಮಾನ್ಯ. ಪರದೆಯನ್ನು ಬಿಟ್ಟು ಹಿಂದಿನ ನೊರೆಯನ್ನು ತಿರುಗಿ ನೋಡು ಎಂದು ಅವರಿಗೆ ಹೇಳಿದವರು ಯಾರು?

ಇದಕ್ಕೆಲ್ಲ ಎದುರಾಗುವ ಮೊದಲ ಆಕ್ಷೇಪ ಬಲವಾದದ್ದು: ಎ.ಕೆ–47 ಹಿಡಿದು ಹತ್ತಿದವರ ಮುಂದೆ ಡ್ರಿಲ್ ಮಾಡಿದ ಅಡುಗೆಯವನು ಏನು ಕಡಿದು ಹಾಕುತ್ತಾನೆ? 2008ರ ಏಪ್ರಿಲ್ 4ರಂದು ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ಕೈಗೆ ಸಿಕ್ಕ ಫ್ರಾನ್ಸಿನ ‘ಲೆ ಪೊನಾಂ’ ಪ್ರಯಾಣಿಕ ವಿಹಾರ ನೌಕೆಯೇ ಆಗಿತ್ತು. ಐಎಸ್‌ಪಿಎಸ್ ಜಾರಿಗೆ ಬಂದು ಆಗಲೇ ಹತ್ತಿರ ಹತ್ತಿರ ನಾಲ್ಕು ವರ್ಷ. ಪ್ರಯಾಣಿಕರಿರಲಿಲ್ಲ, ಮೂವತ್ತು ಸಿಬ್ಬಂದಿ ಒಂದು ವಾರ ಒತ್ತೆಯಾಳುಗಳಾಗಿದ್ದು, ಒತ್ತೆಹಣ ಕೊಟ್ಟ ಮೇಲೆ ಬಿಡುಗಡೆಯಾದರು. ತರಬೇತಿ ತಡೆಗೋಡೆಯಲ್ಲ ಎಂಬುದು ಸರಿ. ಆದರೆ ತರಬೇತಿಯ ಗುರಿ ಹೋರಾಟ ಎಂದುಕೊಂಡವರೇ ಈ ಆಕ್ಷೇಪ ಎತ್ತುವುದು. ಅಮೆರಿಕಾಸ್ ಕಪ್ ಅನ್ನು ನ್ಯೂಜಿಲೆಂಡಿಗೆ ಎರಡು ಬಾರಿ ಗೆದ್ದುಕೊಟ್ಟ ಸರ್ ಪೀಟರ್ ಬ್ಲೇಕ್ 2001ರ ಡಿಸೆಂಬರಿನಲ್ಲಿ ಅಮೆಜಾನ್ ನದಿಯ ಮುಖದ ಮಕಾಪಾ ಬಳಿ ತಮ್ಮ ‘ಸೀಮಾಸ್ಟರ್’ ನೌಕೆಗೆ ದರೋಡೆಕೋರರು ಹತ್ತಿದಾಗ ರೈಫಲ್ ಎತ್ತಿಕೊಂಡು ಎದುರಿಸಿದರು, ಗುಂಡೇಟಿಗೆ ಬಲಿಯಾದರು. ಕಡಲ ವಿದ್ಯೆಯಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಆ ಗಳಿಗೆಗೆ ಬೇಕಾದದ್ದು ಬೇರೆ ವಿದ್ಯೆ. ಇದರ ಮಗ್ಗುಲಲ್ಲಿ 2024ರ ಜನವರಿ 4ರ ಸಂಜೆ ಸೊಮಾಲಿಯಾ ಕರಾವಳಿಯಾಚೆ ಸರಕು ಹಡಗು ‘ಲೀಲಾ ನಾರ್ಫೋಕ್’ನಲ್ಲಿ ಆದದ್ದನ್ನು ಇಟ್ಟು ನೋಡಿ. ಐದಾರು ಬಂದೂಕುಧಾರಿಗಳು ಹತ್ತುತ್ತಿದ್ದಂತೆ ಸಿಬ್ಬಂದಿ ಸಂದೇಶ ಕಳಿಸಿದರು, ಸಿಟಡೆಲ್ ಎಂದು ಕರೆಯುವ ಭದ್ರ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಮರುದಿನ ಐಎನ್‌ಎಸ್ ಚೆನ್ನೈಯಿಂದ ಬಂದ ಮಾರ್ಕೋಸ್ ಕಮಾಂಡೊಗಳು ಹಡಗು ಶೋಧಿಸಿ, 15 ಭಾರತೀಯರೂ ಸೇರಿ 21 ಮಂದಿಯನ್ನು ಹೊರತಂದರು. ಅಲ್ಲಿ ಯಾವ ನಾವಿಕನೂ ಬಂದೂಕು ಹಿಡಿಯಲಿಲ್ಲ. ತಿಳಿಸುವುದು, ಎಲ್ಲರೂ ಒಟ್ಟಾಗುವುದು, ಬಾಗಿಲು ಮುಚ್ಚುವುದು, ಕಾಯುವುದು: ಈ ನಾಲ್ಕನ್ನೂ ಮೊದಲೇ ಮಾಡಿ ರೂಢಿಯಾಗಿದ್ದರೆ ಮಾತ್ರ ಭಯದ ಹೊತ್ತಿನಲ್ಲಿ ಕೈಕಾಲು ತಾವಾಗಿ ನಡೆಯುತ್ತವೆ. ಯಾಟಿನ ತೆಳುವಾದ ಒಳಗೋಡೆಗಳ ನಡುವೆ ಸರಕು ಹಡಗಿನಂಥ ಸಿಟಡೆಲ್ ಕಟ್ಟಲಾಗದು ನಿಜ. ಹಾಗಿದ್ದಮೇಲೆ ಎಲ್ಲಿ ಸೇರಬೇಕು, ಅತಿಥಿಗಳನ್ನು ಯಾರು ಕರೆತರಬೇಕು, ಗುಟ್ಟಿನ ಗುಂಡಿ ಯಾರ ಕೈಗೆ ಹತ್ತಿರ ಎಂಬುದನ್ನು ಪ್ರತಿ ಯಾಟೂ ತನಗೆ ತಾನೇ ತೀರ್ಮಾನಿಸಿಕೊಳ್ಳಬೇಕಾದ ಅಗತ್ಯ ಹೆಚ್ಚೇ ಹೊರತು ಕಡಿಮೆಯಲ್ಲ. ಅಂದಹಾಗೆ, ಯಾಟಿನವರಿಗೆ ಎದುರಾಗುವ ಬಹುಪಾಲು ಅಪರಾಧಗಳಲ್ಲಿ ಎ.ಕೆ–47 ಇರುವುದೇ ಇಲ್ಲ. ಕೆರಿಬಿಯನ್ನಿನಲ್ಲಿ ಅತಿ ಹೆಚ್ಚು ವರದಿಯಾಗುವುದು ರಾತ್ರಿ ಹಗ್ಗ ಕತ್ತರಿಸಿ ಸಣ್ಣ ದೋಣಿ ಕದ್ದೊಯ್ಯುವ ಪ್ರಕರಣ.

ಎರಡನೆಯ ಆಕ್ಷೇಪ ಹಕ್ಕಿನ ಹೆಸರಿನದು. ಖಾಸಗಿ ಯಾಟ್ ಎಂದರೆ ಒಬ್ಬನ ಮನೆಯಿದ್ದಂತೆ. ಮನೆಗೆಲಸದವರಿಗೆ ಯಾವ ತರಬೇತಿ ಎಂದು ಸರ್ಕಾರ ಯಾಕೆ ಹೇಳಬೇಕು? ಒಂದು ಭಾಗವನ್ನು ನಾನು ಒಪ್ಪುತ್ತೇನೆ. ನಿವೃತ್ತ ದಂಪತಿ ಸ್ವಂತ ಹಾಯಿದೋಣಿಯಲ್ಲಿ ಲೋಕ ಸುತ್ತುತ್ತಿದ್ದರೆ ಅವರ ಅಪಾಯ ಅವರ ಆಯ್ಕೆ. 2011ರ ಫೆಬ್ರುವರಿಯಲ್ಲಿ ಮುಂಬೈಯಿಂದ ಒಮಾನಿನತ್ತ ಹೊರಟು ಕಡಲ್ಗಳ್ಳರ ಕೈಯಲ್ಲಿ ಪ್ರಾಣ ಕಳೆದುಕೊಂಡ ‘ಕ್ವೆಸ್ಟ್’ ದೋಣಿಯ ನಾಲ್ವರು ಅಮೆರಿಕನ್ನರು ಅಂಥವರು. ಅವರಿಗೆ ಎಚ್ಚರಿಕೆ ಕೊಡಬಹುದಿತ್ತು, ಪ್ರಮಾಣಪತ್ರ ಕೇಳುವುದು ಅತಿಯಾದೀತು. ಗೆರೆ ಎಳೆಯಬೇಕಾದದ್ದು ಸಂಬಳದ ಸಿಬ್ಬಂದಿ ಇರುವಲ್ಲಿ. ಒಡೆಯನಿಗೆ ಅದು ಮನೆ ಇರಬಹುದು, ಅಲ್ಲಿ ದುಡಿಯುವ ಹದಿನೈದು ಮಂದಿಗೆ ಅದು ಕೆಲಸದ ಜಾಗ. ಅಪಾಯದ ಹಾದಿ ಆರಿಸುವ ಹಕ್ಕು ಅವರದಲ್ಲ, ಒಡೆಯನದು. ಮನೆ ಗಡಿ ದಾಟುವುದಿಲ್ಲ, ಇದು ದಾಟುತ್ತದೆ; ಮನೆಗೆ ಆಯುಧಧಾರಿ ಬೆಂಗಾವಲು ಬರುವುದಿಲ್ಲ, ಇದಕ್ಕೆ ಬರುತ್ತದೆ. ಖಾಸಗಿ–ವಾಣಿಜ್ಯ ಎಂಬ ಗೋಡೆ ಉದ್ಯಮ ಹೇಳುವಷ್ಟು ಗಟ್ಟಿಯೂ ಅಲ್ಲ. ಮಾರ್ಷಲ್ ದ್ವೀಪಗಳಂಥ ನೋಂದಣಿ ದೇಶಗಳು ಖಾಸಗಿ ಯಾಟೊಂದು ವರ್ಷಕ್ಕೆ 84 ದಿನದವರೆಗೆ ಬಾಡಿಗೆಗೆ ಹೋಗಲು ಅವಕಾಶ ಕೊಡುತ್ತವೆ. ಅದಕ್ಕಾಗಿ ಆ ಯಾಟ್ ವಾಣಿಜ್ಯ ಮಾನದಂಡಗಳನ್ನು ಮೊದಲೇ ಪೂರೈಸಿರಬೇಕು. ಬಾಡಿಗೆ ಆದಾಯ ಕಾಣುವಾಗ ಪೂರೈಸಲು ಆಗುವ ನಿಯಮ, ಆದಾಯ ಇಲ್ಲದಾಗ ಸ್ವಾತಂತ್ರ್ಯಕ್ಕೆ ಧಕ್ಕೆ ಆಗುವುದು ಹೇಗೆ?

ಖರ್ಚಿನ ಆಕ್ಷೇಪ ಮೂರನೆಯದು, ಅದರಲ್ಲಿ ನೋವೂ ಇದೆ. ಈ ಕ್ಷೇತ್ರಕ್ಕೆ ಬರುವ ಹೊಸಬರು ಸಾಮಾನ್ಯವಾಗಿ ಕೋರ್ಸಿನ ಹಣವನ್ನು ತಾವೇ ಕಟ್ಟುತ್ತಾರೆ, ಹಲವರು ಸಾಲ ಮಾಡಿ. ನಾವಿಕನಿಂದ ನೇಮಕಾತಿ ಶುಲ್ಕ ವಸೂಲಿ ಮಾಡಬಾರದೆಂದು 2006ರ ದುಡಿಮೆ ಒಪ್ಪಂದ ಹೇಳುತ್ತದೆ, ತರಬೇತಿಯ ಖರ್ಚು ಅವನ ತಲೆಯ ಮೇಲೇ ಉಳಿಯುತ್ತದೆ. ಇನ್ನೊಂದು ಪ್ರಮಾಣಪತ್ರ ಕಡ್ಡಾಯ ಮಾಡಿದರೆ ಲಾಭ ಕಾಣುವುದು ತರಬೇತಿ ಅಂಗಡಿಗಳು. ಈ ಅನುಮಾನ ಪಡುವವರನ್ನು ತಪ್ಪೆನ್ನಲಾರೆ. ಅದಕ್ಕೇ ನಾನು ಹೊಸ ಕೋರ್ಸು ಕೇಳುತ್ತಿಲ್ಲ. ಕೇಳುತ್ತಿರುವುದು ನೌಕೆಯಲ್ಲಿ ನಡೆಯುವ ಡ್ರಿಲ್, ಅದರ ಲಾಗ್‌ಬುಕ್, ಅದಕ್ಕೆ ತಗಲುವ ದುಡಿಮೆಯ ಹೊತ್ತು. ಇವು ಮೂರೂ ಮಾಲೀಕನ ಖರ್ಚಿಗೆ ಬರುವಂಥವು. ಹೊಸಬ ಹತ್ತಿದ ದಿನವೇ ಎರಡು ಗಂಟೆ ನೌಕೆಯ ಬಾಗಿಲು, ಗುಂಡಿ, ರೇಡಿಯೊ, ಕಾಲುಸೇತುವೆಯ ಪರಿಚಯ. ತಿಂಗಳಿಗೊಮ್ಮೆ ಅರ್ಧ ಗಂಟೆಯ ಡ್ರಿಲ್. ಆಯುಧ ಒಳಬಂದರೆ ಯಾರ ಲೆಕ್ಕದಲ್ಲಿ, ನೌಕೆ ತೊರೆಯಬೇಕಾದರೆ ಅವುಗಳ ಗತಿ ಏನು, ಯಾವ ದೇಶದ ಯಾವ ಕೇಂದ್ರಕ್ಕೆ ತಿಳಿಸಬೇಕು ಎಂಬ ಲಿಖಿತ ಸೂಚನೆ. ಐವತ್ತು ಮೀಟರಿನ ಯಾಟಿನ ಒಂದು ವಾರದ ಇಂಧನದ ಬಿಲ್ಲಿನ ಪಕ್ಕದಲ್ಲಿ ಇದು ಲೆಕ್ಕಕ್ಕೇ ಬಾರದ ಮೊತ್ತ.

ಜಾರಿ ಮಾಡುವವರು ಯಾರು ಎಂಬ ಪ್ರಶ್ನೆಗೆ ಅರ್ಧ ಉತ್ತರ ಈಗಾಗಲೇ ಇದೆ. ಅಪಾಯದ ಕಡಲಿಗೆ ಹೋಗುವ ಮುನ್ನ ವಿಮಾ ಕಂಪನಿಗಳು ಷರತ್ತು ವಿಧಿಸುತ್ತವೆ. ನೋಂದಣಿ ದೇಶಗಳು ಸಮೀಕ್ಷೆ ನಡೆಸುತ್ತವೆ. ಇವರು ಪ್ರಮಾಣಪತ್ರದ ಪ್ರತಿಯನ್ನು ಕೇಳುವ ಜಾಗದಲ್ಲಿ ಕೊನೆಯ ಮೂರು ತಿಂಗಳ ಡ್ರಿಲ್ಲಿನ ದಾಖಲೆ ಕೇಳಿದರೆ ಬಹಳಷ್ಟು ಬದಲಾಗುತ್ತದೆ. ಒಪ್ಪಂದದ ಮಟ್ಟದಲ್ಲೂ ಬಾಗಿಲು ತೆರೆದಿದೆ: ಎಸ್‌ಟಿಸಿಡಬ್ಲ್ಯುವಿನ ಸಮಗ್ರ ಪರಿಶೀಲನೆಯನ್ನು ಐಎಂಒ ಕೈಗೆತ್ತಿಕೊಂಡಿದೆ. ಹಡಗಿನಲ್ಲಿ ಲೈಂಗಿಕ ಕಿರುಕುಳ, ದಬ್ಬಾಳಿಕೆಗಳನ್ನು ತಡೆಯುವ ಪಾಠವನ್ನು ಮೂಲಭೂತ ತರಬೇತಿಗೆ ಸೇರಿಸುವ ತಿದ್ದುಪಡಿ 2024ರಲ್ಲಿ ಅಂಗೀಕಾರವಾಗಿ 2026ರ ಜನವರಿ 1ರಿಂದ ಜಾರಿಗೆ ಬಂದಿರುವುದು, ಮನಸ್ಸಿದ್ದರೆ ಪಠ್ಯ ಬದಲಾಗುತ್ತದೆ ಎಂಬುದಕ್ಕೆ ಪುರಾವೆ. ಖಾಸಗಿ ಯಾಟುಗಳ ವಿನಾಯಿತಿಯನ್ನು ಒಪ್ಪಂದದಿಂದಲೇ ತೆಗೆಯುವುದು ವರ್ಷಗಟ್ಟಲೆ ಹಿಡಿಯುವ ಕೆಲಸ, ನೋಂದಣಿಯಿಂದ ಹಣ ಗಳಿಸುವ ದೇಶಗಳು ಸುಲಭಕ್ಕೆ ಒಪ್ಪಲಾರವು. ಭದ್ರತಾ ಪ್ರಮಾಣಪತ್ರಕ್ಕೂ ಐದು ವರ್ಷದ ಗಡುವು ಹಾಕಿ, ಅದರ ನವೀಕರಣಕ್ಕೆ ತರಗತಿಯ ಬದಲು ಡ್ರಿಲ್ ದಾಖಲೆಯನ್ನೇ ಒಪ್ಪುವುದಕ್ಕೆ ಅಷ್ಟು ಕಾಲ ಬೇಡ.

ಜಗತ್ತಿಗೆ ಅತಿ ಹೆಚ್ಚು ನಾವಿಕರನ್ನು ಕೊಡುವ ದೇಶಗಳಲ್ಲಿ ಭಾರತವೂ ಒಂದಾದ್ದರಿಂದ ಇದು ನಮಗೆ ದೂರದ ಮಾತಲ್ಲ. ಉಡುಪಿ, ಮಂಗಳೂರು, ಕಾರವಾರದ ಕಡೆ ‘ಶಿಪ್ಪಿಗೆ ಹೋಗುವ’ ಹುಡುಗರ ಫೈಲಿನಲ್ಲಿ ಎಸ್‌ಟಿಎಸ್‌ಡಿಎಸ್‌ಡಿ ಎಂಬ ನಾಲಿಗೆ ಹೊರಳದ ಹೆಸರಿನ ಪ್ರಮಾಣಪತ್ರ ಇದ್ದೇ ಇರುತ್ತದೆ. ಹೊರಗಿನ ಹಲವೆಡೆ ಹೊಸಬರಿಗೆ ಅರಿವಿನ ಕೋರ್ಸಷ್ಟೇ ಸಾಕಾದರೆ, ಭದ್ರತಾ ಹೊಣೆ ಇರುವವರಿಗೆಂದು ಇರುವ ಮೇಲಿನ ಕೋರ್ಸೇ ನಮ್ಮಲ್ಲಿ ಮೂಲಭೂತ ಕೋರ್ಸುಗಳ ಕಟ್ಟಿನೊಳಗೆ ಸೇರಿಕೊಂಡಿದೆ. ಇದು ಯಾಟಿನ ಕೆಲಸಕ್ಕೆ ಹೊಂದುವ ಕ್ರಮ. ಅಲ್ಲಿ ಅಡುಗೆಯವನೂ ಒಂದು ಹೊತ್ತು ಕಾಲುಸೇತುವೆ ಕಾಯಬೇಕಾಗುತ್ತದೆ. ಆದರೆ ನಮ್ಮ ಕಾಗದಕ್ಕೂ ಅದೇ ರೋಗ: ಒಮ್ಮೆ ಪಡೆದರೆ ಮುಗಿಯಿತು. 1958ರ ಹಳೆಯ ಕಾಯ್ದೆಯ ಜಾಗಕ್ಕೆ ಸಂಸತ್ತು 2025ರಲ್ಲಿ ಹೊಸ ವಾಣಿಜ್ಯ ನೌಕಾಯಾನ ಕಾಯ್ದೆಯನ್ನು ತಂದಿದೆ. ಅದರಡಿ ನಿಯಮ ಬರೆಯುವಾಗ ನೌಕಾಯಾನ ಮಹಾನಿರ್ದೇಶನಾಲಯ ಎರಡು ಸಾಲು ಸೇರಿಸಬಹುದು. ಮುಂಬೈ, ಗೋವಾಗಳಲ್ಲೋ ಕೊಚ್ಚಿಯ ಬೋಳ್ಗಾಟಿ ಮರಿನಾದಲ್ಲೋ ಸಂಬಳದ ಸಿಬ್ಬಂದಿಯೊಂದಿಗೆ ನೆಲೆ ನಿಲ್ಲುವ ಯಾಟ್, ಯಾವ ದೇಶದ ಧ್ವಜದ್ದೇ ಆಗಲಿ, ಖಾಸಗಿಯೇ ಆಗಲಿ, ಕೊನೆಯ ಮೂರು ತಿಂಗಳ ಭದ್ರತಾ ಡ್ರಿಲ್ಲಿನ ದಾಖಲೆಯನ್ನು ಬಂದರಿಗೆ ತೋರಿಸಬೇಕು. ಮತ್ತು ನಮ್ಮ ಶೋಧ–ರಕ್ಷಣಾ ವಲಯದಲ್ಲಿ ಆಯುಧವಿರುವ ನೌಕೆಯನ್ನು ತೊರೆಯಬೇಕಾದ ಕ್ಯಾಪ್ಟನ್, ಅದು ತೇಲುತ್ತಿರುವ ಜಾಗವನ್ನೂ ಆಯುಧಗಳ ಸಂಖ್ಯೆಯನ್ನೂ ಮುಂಬೈಯ ಕಡಲ ರಕ್ಷಣಾ ಸಮನ್ವಯ ಕೇಂದ್ರಕ್ಕೆ ತಿಳಿಸುವುದು ಕಡ್ಡಾಯವಾಗಬೇಕು. ಎರಡಕ್ಕೂ ಲಂಡನ್ನಿನ ಒಪ್ಪಿಗೆಗಾಗಿ ಕಾಯಬೇಕಿಲ್ಲ.